ವಾಕಿಂಗ್‌ಗೆ ಹೊರಟ ತೋಳಿನಲ್ಲಿ ಶುಗರ್ ಸೆನ್ಸರ್ ಗಟ್ಟಿಯಾಗಿರಲಿ

ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದಲೇ ಶುರು ಮಾಡೋಣ. ಬಾಪಾನಿಗೆ ಈಗ ಅರವತ್ತಮೂರು. ಶುಗರ್ ಹಿಡಿದು ಹದಿನೆಂಟು ವರ್ಷವಾಯ್ತು. ಬೆಳಗ್ಗೆ ಮಾತ್ರೆ, ರಾತ್ರಿ ಇನ್ಸುಲಿನ್. ಸುಬಹಿ ನಮಾಝ್ ಮುಗಿಸಿ ಮಸೀದಿಯಿಂದ ನೇರ ಸಮುದ್ರ ಬದಿಯ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಡೆಯುವುದು ಅವರ ಅಭ್ಯಾಸ. ಮಳೆ ಇದ್ದರೆ ಕೊಡೆ ಹಿಡಿದಾದರೂ ಹೋಗ್ತಾರೆ. ವೈದ್ಯರು ಹೇಳಿದ್ದರಿಂದ ತೋಳಿಗೆ ಸೆನ್ಸರ್ ಹಾಕಿಸಿದೆವು. ಬೆರಳು ಚುಚ್ಚುವ ರಗಳೆ ಕಡಿಮೆಯಾಯಿತು. ಶುಗರ್ ಇಳಿದರೆ ಮೊಬೈಲ್ ಕೂಗ್ತದೆ. ದುಬೈಯಲ್ಲಿರುವ ತಮ್ಮನ ಮೊಬೈಲಿಗೂ ಅದೇ ಸಂಖ್ಯೆ ಹೋಗ್ತದೆ. ನಾವೆಲ್ಲ ನಿಶ್ಚಿಂತೆಯಾಗಿದ್ದೆವು.

ಎಪ್ರಿಲ್ ತಿಂಗಳ ಸೆಕೆಯ ಒಂದು ಬೆಳಗ್ಗೆ ವಾಕಿಂಗ್‌ನಿಂದ ಬಂದ ಬಾಪ ಬೈರಾಸಿನಲ್ಲಿ ತೋಳು ಒರೆಸಿಕೊಂಡರು. ಅಂಚು ಮೊದಲೇ ಎದ್ದಿದ್ದ ಸೆನ್ಸರ್ ಬೈರಾಸಿನ ಜೊತೆಗೇ ಬಂದುಬಿಟ್ಟಿತು. ಹಾಕಿ ಐದೇ ದಿನ. ಇನ್ನೂ ಒಂಬತ್ತು ದಿನ ಬಾಳಬೇಕಾಗಿದ್ದ ವಸ್ತು. "ಸೋಮವಾರ ಹೊಸದು ಹಾಕುವ. ಎರಡು ದಿವಸ ಅದಿಲ್ಲದೆ ಎಂತ ಆಗುದಿಲ್ಲ" ಅಂದರು ಬಾಪ. ನಾವೂ ಹೂಂ ಅಂದೆವು.

ಮರುದಿನವೇ ಆಯ್ತು. ಹಿಂದಿನ ರಾತ್ರಿ ಹಸಿವಿಲ್ಲ ಅಂತ ಅರ್ಧ ಬಟ್ಟಲು ಗಂಜಿ ಕುಡಿದು ಮಲಗಿದ್ದರು. ಇನ್ಸುಲಿನ್ ಮಾತ್ರ ಎಂದಿನಷ್ಟೇ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಡೆಯುತ್ತಿದ್ದವರು ಅರ್ಧ ದಾರಿಯಲ್ಲಿ ಬೆವೆತು, ಕೈ ನಡುಗಿ, ಮೋರಿಕಟ್ಟೆಯ ಮೇಲೆ ಕುಳಿತುಬಿಟ್ಟರು. "ಕಾಕ, ಎಂತ ಆಯ್ತು?" ಅಂತ ಕೇಳಿದ ರಿಕ್ಷಾದವನಿಗೆ ಉತ್ತರ ಕೊಡಲೂ ಮಾತು ಬರಲಿಲ್ಲ. ಪುಣ್ಯಕ್ಕೆ ಅವನ ಮನೆಯಲ್ಲೂ ಶುಗರ್ ಇದ್ದವರಿದ್ದರು. ಹತ್ತಿರದ ಚಾ ಹೋಟೆಲಿನಿಂದ ಸಕ್ಕರೆ ನೀರು ತಂದು ಕುಡಿಸಿದ. ಮನೆಗೆ ಕರೆತಂದ ಮೇಲೆ ಬೆರಳು ಚುಚ್ಚಿ ನೋಡಿದರೆ 68. ಸಕ್ಕರೆ ನೀರು ಕುಡಿದು ಹದಿನೈದು ನಿಮಿಷ ಕಳೆದ ಮೇಲಿನ ಲೆಕ್ಕ ಅದು!

ಹಿಂದೆ ಬಾಪನ ಜೇಬಿನಲ್ಲಿ ಯಾವಾಗಲೂ ಎರಡು ಖರ್ಜೂರವೋ ಸಕ್ಕರೆ ಪೊಟ್ಟಣವೋ ಇರುತ್ತಿತ್ತು. ಸೆನ್ಸರ್ ಬಂದ ಮೇಲೆ ಅದು ನಿಂತುಹೋಗಿತ್ತು. ಯಂತ್ರ ಕೂಗ್ತದಲ್ಲ ಎಂಬ ಧೈರ್ಯ. ಯಂತ್ರವೇ ಕಳಚಿ ಬಿದ್ದ ದಿನ ಕೂಗುವವರು ಯಾರೂ ಇರಲಿಲ್ಲ.

ಅಂದಿನಿಂದ ಈ ಸೆನ್ಸರನ್ನು ತೋಳಿನಲ್ಲಿ ಗಟ್ಟಿಯಾಗಿ, ಹಿತವಾಗಿ ಉಳಿಸಿಕೊಳ್ಳುವುದು ಹೇಗೆ ಅಂತ ನಾವು ವೈದ್ಯರಲ್ಲಿ, ನರ್ಸುಗಳಲ್ಲಿ, ಮೆಡಿಕಲ್ ಶಾಪಿನವರಲ್ಲಿ ಕೇಳುತ್ತಾ, ನಾವೇ ಮಾಡಿ ನೋಡುತ್ತಾ ಕಲಿತೆವು. ಈಗ ನಮ್ಮ ಬ್ಯಾರಿ ಮನೆಗಳಲ್ಲಿ ಸೆನ್ಸರ್ ಹಾಕಿದವರು ಅಲ್ಲಲ್ಲಿ ಕಾಣಸಿಗುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಹಾಗಾಗಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಅದು ಏನು, ಹೇಗೆ ಕೆಲಸ ಮಾಡ್ತದೆ?

ನಮ್ಮಲ್ಲಿ ಹೆಚ್ಚಾಗಿ ಕಾಣುವ ಸೆನ್ಸರ್ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿ ಬಿಲ್ಲೆ. ಹಾಕುವಾಗ ಒಂದು ಸೂಜಿ ಒಳಗೆ ಹೋಗಿ ತಕ್ಷಣ ಹಿಂದೆ ಬರುತ್ತದೆ. ಚರ್ಮದೊಳಗೆ ಉಳಿಯುವುದು ಸೂಜಿಯಲ್ಲ, ಸುಮಾರು 5 ಮಿಲಿಮೀಟರ್ ಉದ್ದದ, ಬಾಗುವ ಎಳೆ. "ಸೂಜಿ ಒಳಗೇ ಇರ್ತದಂತೆ" ಎಂದು ಹೆದರುವ ಉಮ್ಮಂದಿರಿಗೆ ಇದನ್ನು ಮೊದಲು ಹೇಳಬೇಕು. ಮಾದರಿಗೆ ತಕ್ಕಂತೆ 10 ದಿನದಿಂದ 15 ದಿನದವರೆಗೆ ಬಾಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ಎಳೆ ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವದ ಸಕ್ಕರೆಯನ್ನು. ರಕ್ತದಿಂದ ಸಕ್ಕರೆ ಆ ದ್ರವಕ್ಕೆ ಬರಲು ಕೆಲವು ನಿಮಿಷ ಬೇಕು. ಸುಮ್ಮನೆ ಕೂತಿದ್ದಾಗ ಈ ಅಂತರ ದೊಡ್ಡದಲ್ಲ. ಆದರೆ ಬಿರುಸಾಗಿ ನಡೆಯುವಾಗ, ಆಟ ಆಡುವಾಗ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಸೆನ್ಸರ್ ಹಿಂದೆ ಉಳಿಯುತ್ತದೆ. ಮೊಬೈಲಿನಲ್ಲಿ 95 ಅಂತ ಇದ್ದು ಬಾಣದ ಗುರುತು ಕೆಳಗೆ ತೋರಿಸುತ್ತಿದ್ದರೆ ರಕ್ತದಲ್ಲಿ ಆಗಲೇ ಅದಕ್ಕಿಂತ ಕಡಿಮೆ ಆಗಿರಬಹುದು. ವ್ಯಾಯಾಮದ ಹೊತ್ತಿನಲ್ಲಿ ಸಂಖ್ಯೆಗಿಂತ ಬಾಣದ ದಿಕ್ಕನ್ನು ನೋಡಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ಅಂಟಿಸುವ ಮೊದಲೇ ಅರ್ಧ ಕೆಲಸ

ಸೆನ್ಸರ್ ಬೀಳುವುದು ಆಟದ ಮೈದಾನದಲ್ಲಿ ಅಂತ ನಾವು ತಿಳಿದಿದ್ದೆವು. ನಿಜವಾಗಿ ನೋಡಿದರೆ ಅದು ಬೀಳುವ ನಿರ್ಧಾರ ಹಾಕುವ ದಿನವೇ ಆಗಿರುತ್ತದೆ. ಚರ್ಮದಲ್ಲಿ ಎಣ್ಣೆಯೋ ಪಸೆಯೋ ಇದ್ದರೆ ಅಂಟು ಹಿಡಿಯುವುದಿಲ್ಲ. ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆ ಹಚ್ಚಿ ಸ್ನಾನ ಮಾಡುವುದು ರೂಢಿ. ಎಣ್ಣೆ ಸ್ನಾನದ ದಿನ ಸೆನ್ಸರ್ ಹಾಕುವುದು ಬೇಡ. ಕ್ರೀಮು, ಪೌಡರು, ಅತ್ತರು, ಬಾಡಿ ಸ್ಪ್ರೇ ಯಾವುದೂ ಆ ಜಾಗಕ್ಕೆ ತಾಗಬಾರದು.

ಸಾಧಾರಣ ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು. ಸ್ಪಿರಿಟ್ ತಾನಾಗಿ ಆರುವವರೆಗೆ ಕಾಯಬೇಕು. ಬಾಯಿಂದ ಊದಿ ಒಣಗಿಸುವುದು ಬೇಡ. ಕೂದಲು ಹೆಚ್ಚಿದ್ದರೆ ಮೊದಲೇ ಬೋಳಿಸಿ.

ಜಾಗ ಯಾವುದು? ಹೆಚ್ಚಿನ ಸೆನ್ಸರುಗಳಿಗೆ ಹೇಳಿದ ಜಾಗ ತೋಳಿನ ಹಿಂಭಾಗ, ಮಾಂಸ ಇರುವಲ್ಲಿ. ನಾವು ಮೊದಲು ಮಾಡಿದ ತಪ್ಪು, ಹಾಕಲು ಸುಲಭ ಅಂತ ತೋಳಿನ ಹೊರಬದಿಗೆ ಹಾಕಿದ್ದು. ಹೊರಬದಿಯಲ್ಲಿದ್ದರೆ ಬಾಗಿಲ ದಾರಂದಕ್ಕೆ, ಬಸ್ಸಿನ ಕಂಬಿಗೆ, ರಿಕ್ಷಾದ ರಾಡಿಗೆ ತಾಗುವುದೇ ಕೆಲಸ. ಸ್ವಲ್ಪ ಹಿಂದಕ್ಕೆ ಸರಿಸಿ ಹಾಕಿದ ಮೇಲೆ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಗಾಯದ ಕಲೆ, ಮಚ್ಚೆ, ಇನ್ಸುಲಿನ್ ಚುಚ್ಚುವ ಜಾಗ ಬಿಟ್ಟು ಹಾಕಬೇಕು. ಯಾವ ಬದಿಗೆ ಮಲಗುವ ಅಭ್ಯಾಸವೋ ಆ ತೋಳು ಬೇಡ. ಅದುಮಿ ಮಲಗಿದರೆ ಆ ಭಾಗದ ದ್ರವದ ಓಡಾಟ ಕಡಿಮೆಯಾಗಿ, ಶುಗರ್ ಸರಿ ಇದ್ದರೂ "ಕಡಿಮೆ" ಅಂತ ನಡುರಾತ್ರಿ ಕೂಗಿಬಿಡ್ತದೆ. ಒಂದು ಸಲ ಬಲ ತೋಳು, ಮುಂದಿನ ಸಲ ಎಡ ತೋಳು ಅಂತ ಬದಲಿಸಿದರೆ ಚರ್ಮಕ್ಕೂ ಬಿಡುವು ಸಿಗ್ತದೆ.

ಹೊತ್ತು ಕೂಡ ಮುಖ್ಯ. ವಾಕಿಂಗ್‌ಗೆ ಹೊರಡುವ ಮೊದಲು ಹಾಕಿಕೊಂಡು ಹೋಗುವುದು ಬೇಡ. ಅಂಟು ಚರ್ಮಕ್ಕೆ ಪೂರ್ತಿ ಕೂರಲು ಸಮಯ ಬೇಕು. ನಾವು ಈಗ ಸಂಜೆ ಸ್ನಾನವೆಲ್ಲ ಮುಗಿದು ಮೈ ತಣಿದ ಮೇಲೆ ಹಾಕುತ್ತೇವೆ. ಹಾಕಿದ ಮೇಲೆ ಅಂಚಿನ ಸುತ್ತ ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯುತ್ತೇವೆ. ರಾತ್ರಿ ಕಳೆಯುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ದಿನದ ಸಂಖ್ಯೆಗಳಲ್ಲಿ ವ್ಯತ್ಯಾಸ ಸ್ವಲ್ಪ ಹೆಚ್ಚೇ ಇರುವುದರಿಂದ ಆ ದಿನ ಭಾರೀ ವ್ಯಾಯಾಮ ಬೇಡ, ಸಂಶಯ ಬಂದರೆ ಬೆರಳು ಚುಚ್ಚಿಯೇ ನೋಡಬೇಕು.

ಮೇಲಿನ ಪಟ್ಟಿ: ಯಾವುದು ಸರಿ, ಯಾವುದು ತಪ್ಪು?

ಕರಾವಳಿಯ ಸೆಕೆಗೆ ಸೆನ್ಸರಿನ ಸ್ವಂತ ಅಂಟು ಮಾತ್ರ ಸಾಲದು. ಮಾರ್ಚ್‌ನಿಂದ ಮೇ ತನಕ ಸುಮ್ಮನೆ ಕೂತರೂ ಬೆವರುವ ಊರು ನಮ್ಮದು. ಮೇಲಿನಿಂದ ಒಂದು ಪಟ್ಟಿ ಹಾಕಿದರೆ ಒಳ್ಳೆಯದು. ಸೆನ್ಸರಿಗೆಂದೇ ಕತ್ತರಿಸಿದ, ನಡುವೆ ತೂತಿರುವ ಪಟ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದಿಲ್ಲದಿದ್ದರೆ ಆಟಗಾರರು ಸ್ನಾಯು ನೋವಿಗೆ ಹಾಕುವ, ಎಳೆದರೆ ಹಿಗ್ಗುವ ಬಟ್ಟೆಯ ಟೇಪ್ ಆಗ್ತದೆ.

ಟೇಪನ್ನು ಸೆನ್ಸರಿಗಿಂತ ಸುತ್ತಲೂ ಎರಡು ಬೆರಳು ಅಗಲ ಹೆಚ್ಚಿರುವಂತೆ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ. ಚೌಕ ಮೂಲೆ ಇದ್ದರೆ ಅಂಗಿಯ ತೋಳಿಗೆ ಸಿಕ್ಕಿ ಮೊದಲು ಅದೇ ಎದ್ದು ಬರುತ್ತದೆ. ಅಂಟಿಸುವಾಗ ಎಳೆದು ಅಂಟಿಸಬೇಡಿ. ಎಳೆದ ಟೇಪ್ ಮತ್ತೆ ಸಂಕುಚಿಸಿ ಚರ್ಮವನ್ನು ಜಗ್ಗುತ್ತದೆ, ಗುಳ್ಳೆ ಏಳುತ್ತದೆ. ಕೆಲವು ಸೆನ್ಸರುಗಳ ನಡುವೆ ಸಣ್ಣ ತೂತು ಇರುತ್ತದೆ. ಅಂಥದ್ದರಲ್ಲಿ ಆ ತೂತು ಮುಚ್ಚದ ಹಾಗೆ ಟೇಪಿನ ನಡುವೆ ಕತ್ತರಿಸಿಕೊಳ್ಳಬೇಕು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇದನ್ನೆಲ್ಲ ಬರೆದಿರುತ್ತಾರೆ, ಎಸೆಯುವ ಮೊದಲು ಒಮ್ಮೆ ಓದಿ.

ಪಟ್ಟಿಯನ್ನು ಮೊದಲ ದಿನವೇ ಹಾಕುವುದು ಲೇಸು. ಅಂಚು ಎದ್ದ ಮೇಲೆ, ಒಳಗೆ ಬೆವರು ನುಗ್ಗಿದ ಮೇಲೆ ಹಾಕಿದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಬೆವರು ವಿಪರೀತ ಇರುವವರಿಗೆ ಚರ್ಮಕ್ಕೆ ಮೊದಲು ಒರೆಸಿಕೊಳ್ಳುವ ಅಂಟು ದ್ರವದ ವೈಪ್ಸ್ ಕೂಡ ಉಂಟು. ವೈದ್ಯರನ್ನು ಕೇಳಿ ಬಳಸಬಹುದು.

ತಪ್ಪುಗಳ ಪಟ್ಟಿಯೂ ದೊಡ್ಡದೇ. ಸೆಲ್ಲೋ ಟೇಪ್, ಪಾರ್ಸೆಲ್‌ಗೆ ಹಾಕುವ ಕಂದು ಟೇಪ್ ಬೇಡ. ಒಳಗೆ ಗಾಳಿ ಆಡದೆ ಚರ್ಮ ಬೆಂದ ಹಾಗೆ ಆಗ್ತದೆ. ಚಪ್ಪಲಿಗೆ ಹಾಕುವ ಗಮ್ಮನ್ನು ಹಾಕಿದವರೂ ಇದ್ದಾರೆ, ಅದನ್ನು ಚರ್ಮಕ್ಕೆ ಮುಟ್ಟಿಸಲೇಬಾರದು. ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿದರೆ ಅದುಮಿ ಮಲಗಿದಾಗ ಆಗುವಂತೆ ತಪ್ಪು ಸಂಖ್ಯೆ ಬರಬಹುದು. ಬಟ್ಟೆಯ ತೋಳುಪಟ್ಟಿ ಹಾಕುವುದಾದರೆ ಎರಡು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ ಇರಲಿ.

ಬಿದ್ದ ಸೆನ್ಸರನ್ನೋ ಅರ್ಧ ಎದ್ದು ಬಂದದ್ದನ್ನೋ ಮತ್ತೆ ಒಳಗೆ ಒತ್ತಿ ಟೇಪ್ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಳೆ ಸರಿಯಾದ ಜಾಗದಲ್ಲಿ ಇರುವುದಿಲ್ಲ, ತೋರಿಸುವ ಸಂಖ್ಯೆಯನ್ನು ನಂಬುವ ಹಾಗಿಲ್ಲ, ಸೋಂಕಿನ ಭಯವೂ ಉಂಟು. ಬರೀ ಅಂಟಿನ ಅಂಚು ಎದ್ದಿದ್ದರೆ ಪಟ್ಟಿ ಹಾಕಿ ಉಳಿಸಬಹುದು. ಬಿಲ್ಲೆಯೇ ಅಲುಗಾಡುತ್ತಿದ್ದರೆ ತೆಗೆದುಬಿಡಿ. ಒಂದೊಂದಕ್ಕೆ ಸಾವಿರಗಟ್ಟಲೆ ಕೊಟ್ಟಿರುತ್ತೇವೆ, ಹೊಟ್ಟೆ ಉರಿಯುವುದು ಸಹಜ. ಬೇಗ ಬಿದ್ದರೆ ಕಂಪೆನಿಯ ಸಹಾಯವಾಣಿಗೆ ಕರೆ ಮಾಡಿ ಕೇಳಿ ನೋಡಬಹುದು. ಅದಕ್ಕಾಗಿ ಪೆಟ್ಟಿಗೆ, ಸೀರಿಯಲ್ ನಂಬ್ರ, ಬಿಲ್ಲು ಜೋಪಾನ ಇಟ್ಟುಕೊಳ್ಳಿ. ಗಲ್ಫ್‌ನಿಂದ ಯಾರಾದರೂ ತಂದುಕೊಡುವುದಾದರೆ ಅಲ್ಲಿನ ಸೆನ್ಸರ್ ಇಲ್ಲಿನ ಆ್ಯಪ್‌ಗೆ ಹೊಂದುತ್ತದೋ ಇಲ್ಲವೋ ಎಂದು ಮೊದಲೇ ವಿಚಾರಿಸಿ. ತಂದದ್ದನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ನಡಿಗೆ, ಆಟ, ಈಜು

ವಾಕಿಂಗ್ ಮಾಡುವವರಿಗೆ ದೊಡ್ಡ ಶತ್ರು ಬೆವರಿಗಿಂತ ಹೆಚ್ಚಾಗಿ ಬೈರಾಸು. ಉಜ್ಜಿ ಒರೆಸಬೇಡಿ, ಮೆತ್ತಗೆ ಒತ್ತಿ ಒಣಗಿಸಿ. ಒದ್ದೆ ಬನಿಯನ್ ಬೇಗ ಬದಲಿಸಿ. ಅಂಗಿ ಹಾಕುವಾಗ ಸೆನ್ಸರ್ ಇರುವ ಕೈ ಮೊದಲು, ತೆಗೆಯುವಾಗ ಆ ಕೈ ಕೊನೆಗೆ. ಕೈ ಮುರಿದವರಿಗೆ ಅಂಗಿ ತೊಡಿಸುವ ಕ್ರಮವೇ ಇದು. ಬಿಗಿ ತೋಳಿನ ಅಂಗಿಗಿಂತ ಸಡಿಲ ಹತ್ತಿಯ ಅಂಗಿ ಹಿತ.

ನಮ್ಮ ಹೆಣ್ಣುಮಕ್ಕಳು ಬುರ್ಖಾದೊಳಗೆ ಬಿಗಿ ತೋಳಿನ ಚೂಡಿ ಹಾಕಿ ನಡೆಯುವಾಗ ತೋಳು ಬೀಸಿದಂತೆಲ್ಲ ಬಟ್ಟೆ ಸೆನ್ಸರಿನ ಅಂಚಿಗೆ ಉಜ್ಜುತ್ತಾ ಇರುತ್ತದೆ. ನೈಲಾನ್ ಬಟ್ಟೆಯಾದರೆ ಬೆವರೂ ಹೆಚ್ಚು. ಒಳಗೆ ಸಡಿಲ ತೋಳಿನ ಹತ್ತಿ ಬಟ್ಟೆ, ಸೆನ್ಸರ್ ಮೇಲೆ ಅಂಚು ದುಂಡಗಿರುವ ಪಟ್ಟಿ, ಇವೆರಡೇ ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಮನೆಯ ಉಮ್ಮ ಸಂಜೆ ಅಸರ್ ಕಳೆದು ಟೆರೇಸಿನಲ್ಲೇ ಅರ್ಧ ಗಂಟೆ ನಡೆಯುತ್ತಾರೆ. ಅಲ್ಲಿ ಬುರ್ಖಾದ ಸೆಕೆಯೂ ಇಲ್ಲ, ಜನರ ನೋಟವೂ ಇಲ್ಲ. ಹೊರಗೆ ಹೋಗ್ಲಿಕ್ಕೆ ಆಗುವುದಿಲ್ಲ ಅಂತ ವ್ಯಾಯಾಮವನ್ನೇ ಬಿಡುವವರಿಗೆ ಇದೊಂದು ದಾರಿ. ಎತ್ತಿಕೊಂಡ ಮಗು ತೋಳಿನ ಬಿಲ್ಲೆಯನ್ನು ಆಟಿಕೆ ಅಂತ ಎಳೆಯುವುದೂ ಉಂಟು, ಆ ಕೈಯಲ್ಲಿ ಮಗುವನ್ನು ಹಿಡಿಯದಿರುವುದೇ ಉಪಾಯ.

ಅಂಡರ್ ಆರ್ಮ್ ಕ್ರಿಕೆಟ್, ವಾಲಿಬಾಲ್, ಶಟ್ಲ್ ಆಡುವ ಯುವಕರು ಚೆಂಡೆಸೆಯುವ, ಹೊಡೆಯುವ ಕೈಯನ್ನು ಬಿಟ್ಟು ಇನ್ನೊಂದು ತೋಳಿಗೆ ಹಾಕುವುದು ಒಳ್ಳೆಯದು. ಕಬಡ್ಡಿ, ಫುಟ್ಬಾಲ್‌ನಂತಹ ಮೈಗೆ ಮೈ ತಾಗುವ ಆಟವಾದರೆ ಪಟ್ಟಿಯ ಮೇಲೆ ಸಡಿಲವಾದ ತೋಳುಚೀಲವೂ ಇರಲಿ. ಜಿಮ್‌ನಲ್ಲಿ ಬೆಂಚಿನ ಮೇಲೆ ಮಲಗಿ ಭಾರ ಎತ್ತುವಾಗ ತೋಳಿನ ಹಿಂಭಾಗ ಬೆಂಚಿಗೆ ಒತ್ತುತ್ತದೋ ನೋಡಿಕೊಳ್ಳಿ.

ಮೊಬೈಲನ್ನು ಗ್ರೌಂಡಿನ ಆಚೆ ಬದಿಯ ಚೀಲದಲ್ಲಿಟ್ಟು ಆಡಿದರೆ ಅಲಾರಂ ಬರುವುದಿಲ್ಲ. ಬ್ಲೂಟೂತ್ ಹರಿಯುವ ದೂರ ಕೆಲವು ಮಾದರಿಗಳಲ್ಲಿ ಸುಮಾರು 6 ಮೀಟರ್ ಮಾತ್ರ. ಹಳೆಯ ಮಾದರಿಗಳಲ್ಲಿ ಅಲಾರಮೇ ಇಲ್ಲ, ನಾವೇ ಮೊಬೈಲ್ ಹತ್ತಿರ ಹಿಡಿದು ಸ್ಕ್ಯಾನ್ ಮಾಡಬೇಕು. ನಿಮ್ಮದು ಯಾವುದು ಅಂತ ತಿಳಿದಿರಲಿ. ಮಕ್ಕಳಿಗೆ ಟೈಪ್ 1 ಶುಗರ್ ಇದ್ದರೆ ಶಾಲೆಯ ಪಿಟಿ ಮಾಸ್ಟರಿಗೂ ಮದ್ರಸದ ಉಸ್ತಾದರಿಗೂ ವಿಷಯ ಹೇಳಿಡಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಈಜುವವರಿಗೆ: ಸಾಮಾನ್ಯ ಸೆನ್ಸರ್ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷದ ತನಕ ತಡೆಯುತ್ತದೆ. ಸ್ನಾನಕ್ಕೆ, ಹೊಳೆಯ ಬದಿಯಲ್ಲಿ ಮುಳುಗೇಳುವುದಕ್ಕೆ ಅಡ್ಡಿ ಇಲ್ಲ. ಗಂಟೆಗಟ್ಟಲೆ ನೀರಿನಲ್ಲಿ ಆಡುವುದು, ಆಳಕ್ಕೆ ಡೈವ್ ಮಾಡುವುದು ಬೇಡ. ಮೇಲೆ ಬಂದ ಮೇಲೆ ಒತ್ತಿ ಒಣಗಿಸಿ, ಅಂಚು ನೋಡಿ.

ವುಝೂ, ನೋಂಬು, ಹಜ್ಜ್

ಹಿರಿಯರು ಮೊದಲು ಕೇಳುವ ಪ್ರಶ್ನೆ ವುಝೂವಿನದ್ದು. ವುಝೂವಿನಲ್ಲಿ ಕೈ ತೊಳೆಯುವುದು ಮೊಣಕೈ ಸೇರಿಸಿ. ಸೆನ್ಸರ್ ಇರುವುದು ಅದಕ್ಕಿಂತ ಮೇಲೆ. ಹಾಗಾಗಿ ಟೇಪ್ ಮೊಣಕೈಯ ತನಕ ಇಳಿಯದಂತೆ ನೋಡಿಕೊಂಡರೆ ಆಯ್ತು. ಕಡ್ಡಾಯ ಸ್ನಾನದ ವಿಷಯದಲ್ಲಿ ಸಂಶಯ ಇದ್ದರೆ ನಿಮ್ಮ ಮೊಹಲ್ಲಾದ ಖತೀಬರಲ್ಲಿ ಕೇಳಿಕೊಳ್ಳಿ.

ರಮಝಾನ್‌ನಲ್ಲಿ ಸೆನ್ಸರಿನ ಉಪಯೋಗ ಇನ್ನೂ ಹೆಚ್ಚು. ಶುಗರ್ ಪರೀಕ್ಷೆಗೆ ಬೆರಳು ಚುಚ್ಚುವುದರಿಂದ ನೋಂಬು ಮುರಿಯುವುದಿಲ್ಲ ಎಂದು ವೈದ್ಯರೂ ಉಲಮಾಗಳೂ ಹೇಳುತ್ತಾ ಬಂದಿದ್ದಾರೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವೂ ಡಾರ್ ಸಂಸ್ಥೆಯೂ ಸೇರಿ 2021ರಲ್ಲಿ ತಂದ ಮಾರ್ಗಸೂಚಿಯಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂದು ಹೇಳಿದೆ. ತರಾವೀಹ್ ನಮಾಝನ್ನು ದಿನದ ವ್ಯಾಯಾಮದ ಲೆಕ್ಕಕ್ಕೇ ಸೇರಿಸಬೇಕು ಎಂಬುದೂ ಅದರಲ್ಲಿದೆ. ಇಫ್ತಾರ್‌ಗೆ ಮೊದಲಿನ ಕೊನೆಯ ಗಂಟೆಗಳಲ್ಲಿ ಬಿರುಸಿನ ವ್ಯಾಯಾಮ ಬೇಡ. ಮಾತ್ರೆ, ಇನ್ಸುಲಿನ್ ಬದಲಾವಣೆಯ ಬಗ್ಗೆ ರಮಝಾನ್ ಬರುವ ಆರೆಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು.

ಉಮ್ರಾ, ಹಜ್ಜ್‌ಗೆ ಹೋಗುವವರಿಗೂ ಒಂದು ಮಾತು. ಸಫಾ-ಮರ್ವಾ ನಡುವಿನ ಏಳು ನಡಿಗೆಯೇ ಮೂರು ಕಿಲೋಮೀಟರಿಗೂ ಮೇಲೆ. ತವಾಫ್ ಬೇರೆ. ಗಂಡಸರು ಇಹ್ರಾಮ್‌ನಲ್ಲಿ ತವಾಫ್ ಮಾಡುವಾಗ ಬಲ ಹೆಗಲು ತೆರೆದಿರುತ್ತದೆ, ಜನಸಂದಣಿಯಲ್ಲಿ ಆ ತೋಳಿಗೆ ತಾಗುವುದು ತಪ್ಪಿದ್ದಲ್ಲ. ಸೆನ್ಸರ್ ಎಡ ತೋಳಿನಲ್ಲಿ ಇದ್ದರೆ ಬಟ್ಟೆಯ ಮರೆಯಲ್ಲಿ ಸುರಕ್ಷಿತ. ಹೆಚ್ಚುವರಿಯಾಗಿ ಒಂದೆರಡು ಸೆನ್ಸರ್, ಪಟ್ಟಿ, ಗ್ಲುಕೋಮೀಟರ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.

ಸಂಖ್ಯೆ ನೋಡಿ ಹೆಜ್ಜೆ ಇಡಿ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ವಯಸ್ಕರಿಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶುಗರ್ ಇದ್ದವರು ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ ನಡೆಯಬೇಕು. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ಇರುವವರಿಗೆ ಶುಗರ್ ಕುಸಿಯುವ ಅಪಾಯ ಹೆಚ್ಚು. ಬರೀ ಮೆಟ್‌ಫಾರ್ಮಿನ್ ಇರುವವರಲ್ಲಿ ಇದು ಅಪರೂಪ.

ಹೊರಡುವ ಮೊದಲು ಒಮ್ಮೆ ಸಂಖ್ಯೆ ನೋಡಿ. 90ಕ್ಕಿಂತ ಕಡಿಮೆ ಇದ್ದು ಮೇಲೆ ಹೇಳಿದ ಮದ್ದುಗಳು ಇದ್ದರೆ ಏನಾದರೂ ತಿಂದೇ ಹೊರಡಿ. 250 ದಾಟಿದ್ದರೆ ಟೈಪ್ 1 ಇರುವವರು ಕೀಟೋನ್ ಪರೀಕ್ಷೆ ಮಾಡದೆ ವ್ಯಾಯಾಮಕ್ಕೆ ಇಳಿಯಬಾರದು. ಉಳಿದವರೂ ಮೈ ಹುಷಾರಿಲ್ಲದಿದ್ದರೆ ಅಂದು ವಿಶ್ರಾಂತಿ ತೆಗೆದುಕೊಳ್ಳುವುದು ಒಳ್ಳೆಯದು. ನಡುವೆ 70ಕ್ಕೆ ಇಳಿದರೆ, ಅಥವಾ ಬೆವರು, ನಡುಕ, ಮಂಕು ಕಂಡರೆ ನಡಿಗೆ ನಿಲ್ಲಿಸಿ 15 ಗ್ರಾಮ್ ಸಕ್ಕರೆ ತೆಗೆದುಕೊಳ್ಳಿ. ಅಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಇಲ್ಲವೇ ಅರ್ಧ ಗ್ಲಾಸ್ ಹಣ್ಣಿನ ಜ್ಯೂಸ್. ಖರ್ಜೂರವಾದರೆ ಸಣ್ಣದು ಎರಡು ಮೂರು, ಆದರೆ ಗ್ಲುಕೋಸ್ ಪುಡಿಯಷ್ಟು ಬೇಗ ಅದು ರಕ್ತಕ್ಕೆ ಸೇರುವುದಿಲ್ಲ. ಚಾಕಲೇಟ್ ಇನ್ನೂ ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇಲ್ಲಿ ಸೆನ್ಸರನ್ನು ಮಾತ್ರ ನಂಬಿದರೆ ಎಡವುತ್ತೇವೆ. ರಕ್ತದಲ್ಲಿ ಸಕ್ಕರೆ ಏರಿದ ಮೇಲೂ ಸೆನ್ಸರ್ ಸ್ವಲ್ಪ ಹೊತ್ತು ಕಡಿಮೆಯೇ ತೋರಿಸುತ್ತದೆ. ಅದನ್ನು ನೋಡಿ ಮತ್ತೆ ಮತ್ತೆ ತಿಂದು 300ಕ್ಕೆ ಏರಿಸಿಕೊಳ್ಳುವವರು ಬಹಳ. ಬೆರಳು ಚುಚ್ಚಿ ನೋಡುವುದೇ ಆಗ ಸರಿ. ಮೈ ಹೇಳುವುದು ಒಂದು, ಮೊಬೈಲ್ ಹೇಳುವುದು ಇನ್ನೊಂದು ಆದಾಗಲೂ ಅಷ್ಟೇ. ಹಳೆಯ ಗ್ಲುಕೋಮೀಟರನ್ನು ಯಾರಿಗೂ ಕೊಟ್ಟುಬಿಡಬೇಡಿ.

ಕೆಲವು ಮಾದರಿಗಳಲ್ಲಿ ವಿಟಮಿನ್ ಸಿ ಮಾತ್ರೆ ಹೆಚ್ಚು ತೆಗೆದುಕೊಂಡರೂ ಸಂಖ್ಯೆ ಸುಳ್ಳಾಗಿ ಏರುತ್ತದೆ. ಎಂಆರ್‌ಐ ಮಾಡಿಸಲಿಕ್ಕಿದ್ದರೆ ಸೆನ್ಸರ್ ಇರುವುದನ್ನು ಮೊದಲೇ ತಿಳಿಸಿ. ಸಂಜೆ ಹೆಚ್ಚು ಆಡಿದ ದಿನ ರಾತ್ರಿ ಮಲಗಿದ ಮೇಲೂ ಶುಗರ್ ಇಳಿಯಬಹುದು ಎಂಬುದು ಇನ್ಸುಲಿನ್ ತೆಗೆದುಕೊಳ್ಳುವವರ ನೆನಪಿನಲ್ಲಿರಲಿ.

ಒಳ್ಳೆಯ ಸುದ್ದಿಯೂ ಉಂಟು. ಮದುವೆ ಮನೆಯ ನೈಚೋರು, ಬಿರಿಯಾನಿ ತಿಂದು ಬಂದ ರಾತ್ರಿ ಬಾಪನ ಗೀಟು ಗುಡ್ಡದ ಹಾಗೆ ಏರುತ್ತಿತ್ತು. ಅಂಥದೇ ಊಟದ ನಂತರ ಅಂಗಳದಲ್ಲಿ ಹದಿನೈದು ನಿಮಿಷ ನಡೆದ ದಿನ ಗುಡ್ಡ ತಗ್ಗಾಗಿತ್ತು. ನಾವು ವರ್ಷಗಟ್ಟಲೆ ಹೇಳಿದರೂ ಕೇಳದ ಬಾಪ ಆ ಗೀಟು ನೋಡಿ ತಾವೇ ಎದ್ದು ನಡೆಯತೊಡಗಿದರು.

ತುರಿಕೆ ಬಂದರೆ, ತೆಗೆಯುವಾಗ

ಸ್ವಲ್ಪ ಕೆಂಪಾಗುವುದು, ಒಂದು ಹನಿ ರಕ್ತ ಬರುವುದು ಭಯಪಡುವಂಥದ್ದಲ್ಲ. ಆದರೆ ತಡೆಯಲಾರದ ತುರಿಕೆ, ನೀರುಗುಳ್ಳೆ, ಬಿಸಿ, ಕೀವು ಕಂಡರೆ ದಿನ ಬಾಕಿ ಇದ್ದರೂ ತೆಗೆದು ವೈದ್ಯರಿಗೆ ತೋರಿಸಿ. ಕೆಲವರ ಚರ್ಮಕ್ಕೆ ಅಂಟಿನೊಳಗಿನ ರಾಸಾಯನಿಕ ಆಗುವುದಿಲ್ಲ. ಅಂಥವರಿಗೆ ಬೇರೆ ಮಾದರಿಯನ್ನೋ, ಅಂಟು ನೇರ ತಾಗದಂತೆ ಚರ್ಮಕ್ಕೆ ಮೊದಲು ಹಚ್ಚುವ ದ್ರವವನ್ನೋ ವೈದ್ಯರು ಸೂಚಿಸಬಹುದು.

ಅವಧಿ ಮುಗಿದ ಮೇಲೆ ಚರ್ರನೆ ಎಳೆಯಬೇಡಿ. ವಯಸ್ಸಾದವರ ಚರ್ಮ ತೆಳು, ಸಿಪ್ಪೆಯೇ ಎದ್ದು ಬರಬಹುದು. ಹಾಕುವಾಗ ದೂರ ಇಟ್ಟ ತೆಂಗಿನೆಣ್ಣೆ ಈಗ ಕೆಲಸಕ್ಕೆ ಬರುತ್ತದೆ. ಅಂಚಿನ ಸುತ್ತ ಹಚ್ಚಿ ಐದು ಹತ್ತು ನಿಮಿಷ ಬಿಟ್ಟು, ಒಂದು ಕೈಯಲ್ಲಿ ಚರ್ಮ ಹಿಡಿದು, ಇನ್ನೊಂದು ಕೈಯಲ್ಲಿ ಮೆಲ್ಲ ಮಡಚುತ್ತಾ ತೆಗೆಯಿರಿ. ಹಾಕುವ ಉಪಕರಣದಲ್ಲಿ ಸೂಜಿ ಇರುತ್ತದೆ. ಅದನ್ನು ಬರಿದಾಗಿ ಕಸದ ಬುಟ್ಟಿಗೆ ಎಸೆದರೆ ಕಸ ಒಯ್ಯುವವರ ಕೈಗೆ ಚುಚ್ಚುತ್ತದೆ. ಮುಚ್ಚಳ ಹಾಕಿ ಗಟ್ಟಿ ಡಬ್ಬಿಯಲ್ಲಿಟ್ಟು ಆಸ್ಪತ್ರೆ ಅಥವಾ ಕ್ಲಿನಿಕ್‌ಗೆ ತಲುಪಿಸಿ.

ಶುಗರ್ ಇರುವ ಎಲ್ಲರಿಗೂ ಸೆನ್ಸರ್ ಬೇಕೆಂದಿಲ್ಲ. ಬೇಕೋ ಬೇಡವೋ, ತಿಂಗಳು ಪೂರ್ತಿಯೋ ಆಗೊಮ್ಮೆ ಈಗೊಮ್ಮೆಯೋ ಎಂದು ವೈದ್ಯರೇ ಹೇಳಲಿ. ಸಾಲ ಮಾಡಿ ಹಾಕಬೇಕಾಗಿಲ್ಲ. ಹಾಕಿದವರು ಮಾತ್ರ ಅದು ಬಿದ್ದ ದಿನಕ್ಕೂ ತಯಾರಿರಬೇಕು.

ಬಾಪ ಈಗ ಎರಡು ಬೇಸಿಗೆ ಕಳೆದಿದ್ದಾರೆ. ಒಂದೆರಡು ಸೆನ್ಸರ್ ಮತ್ತೂ ಬಿದ್ದದ್ದುಂಟು. ಅಂಥ ದಿನ ಬೆರಳು ಚುಚ್ಚಿ ನೋಡಿಯೇ ಅವರು ಹೊರಡುವುದು. ಹೊರಡುವ ಹೊತ್ತಿಗೆ ಉಮ್ಮ ಒಳಗಿನಿಂದ ಕೇಳುತ್ತಾರೆ: "ಜೇಬಿನಲ್ಲಿ ಗ್ಲುಕೋಸ್ ಉಂಟಾ?" ಬಾಪ ಜೇಬು ತಟ್ಟಿ ತೋರಿಸುತ್ತಾರೆ, ತೋಳಿನಲ್ಲಿ ಸೆನ್ಸರ್ ಇರುವ ದಿನವೂ.